ಒತ್ತಿದರೆ ಏಳದು, ಎದ್ದರೆ ನಡೆಯದು

ಬೇಸಿಗೆ ಕಾಲಿಟ್ಟ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮಳೆಗಾಲದಲ್ಲಿ ಪ್ರಿಂಟರಿನೊಳಗೆ ಕಾಗದ ಸಿಕ್ಕಿಕೊಳ್ಳುವುದನ್ನು ಕೇಳುತ್ತಿದ್ದವರು, ಯುಗಾದಿ ಕಳೆಯುತ್ತಿದ್ದಂತೆ ಡೆಸ್ಕ್‌ಟಾಪ್ ಕಂಪ್ಯೂಟರ್ ಏಳುತ್ತಿಲ್ಲ, ಎದ್ದರೂ ತೆವಳುತ್ತದೆ ಎಂದು ಬರೆಯತೊಡಗುತ್ತಾರೆ. ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಬಳ್ಳಾರಿಯಲ್ಲಿ ಕುಳಿತು ಬರೆಯುವ ನನಗೆ ಈ ಬಿಸಿಲು, ಈ ದೂಳು, ಈ ಕರೆಂಟಿನ ಏರಿಳಿತ ಮೂರೂ ಮನೆಯ ನೆಂಟರಷ್ಟೇ ಪರಿಚಿತ. ಬಹುಪಾಲು ಪತ್ರಗಳಲ್ಲಿ ಒಂದು ಸಾಲು ಮಾತ್ರ ಬದಲಾಗುವುದೇ ಇಲ್ಲ: ‘ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಬೇಕು ಎಂದು ಅಂಗಡಿಯವರು ಹೇಳಿದರು.’ ಯಂತ್ರವು ಯಾವ ಹಂತದವರೆಗೆ ಬಂದು ನಿಂತಿತು ಎಂಬುದನ್ನು ನೋಡದೆ ಕೊಟ್ಟ ಈ ಮದ್ದು ಹತ್ತರಲ್ಲಿ ಎಷ್ಟು ಬಾರಿ ಫಲಿಸುತ್ತದೆಯೋ ಅಷ್ಟೇ ಬಾರಿ ರೋಗದ ಗುರುತನ್ನೂ ಅಳಿಸಿಹಾಕುತ್ತದೆ.

ಪ್ರಶ್ನೆ: ಸಿರುಗುಪ್ಪದಲ್ಲಿ ನಮ್ಮದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಕಳೆದ ವಾರದಿಂದ ಗುಂಡಿ ಒತ್ತಿದರೆ ಸಿಪಿಯು ಒಳಗಿನ ಫ್ಯಾನ್ ತಿರುಗುತ್ತದೆ, ದೀಪವೂ ಹತ್ತುತ್ತದೆ, ಆದರೆ ಮಾನಿಟರ್ ಮೇಲೆ ‘ನೋ ಸಿಗ್ನಲ್’ ಎಂದು ಬಂದು ಪರದೆ ಕಪ್ಪಾಗುತ್ತದೆ. ಒಬ್ಬರು ವೈರಸ್ ಎಂದರು, ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ ಎಂದರು. ಯಾರನ್ನು ನಂಬಬೇಕು?
(ಅಂಗಡಿಯ ಮಾಲೀಕರು, ಸಿರುಗುಪ್ಪ)

ಉತ್ತರ: ಮೊದಲನೆಯವರನ್ನು ಖಂಡಿತ ನಂಬಬೇಡಿ. ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರ್ ವಿಂಡೋಸ್ ಅನ್ನು ಹುಡುಕಿಕೊಂಡು ಹೋಗುವುದಿಲ್ಲ. ಮನೆಯ ಕರೆಂಟನ್ನು ಯಂತ್ರಕ್ಕೆ ಒಗ್ಗುವಂತೆ ಇಳಿಸಿಕೊಡುವ ಎಸ್‌ಎಂಪಿಎಸ್ ಡಬ್ಬಿಯಿಂದ ಸರಿಯಾದ ವಿದ್ಯುತ್ ಬಂದಿದೆ ಎಂಬ ಸೂಚನೆ ಸಿಕ್ಕ ಮೇಲೆ ಪ್ರೊಸೆಸರ್ ಎಚ್ಚರಗೊಂಡು, ಮದರ್‌ಬೋರ್ಡ್ ಮೇಲಿನ ಸಣ್ಣದೊಂದು ಚಿಪ್ಪಿನಲ್ಲಿರುವ ಬಯೋಸ್ ಎಂಬ ಕ್ರಮವಿಧಿಯನ್ನು ಓದುತ್ತದೆ. ಆ ಕ್ರಮವಿಧಿಯು, ಕೆಲಸದ ಹೊತ್ತಿನ ನೆನಪಾದ ರ‍್ಯಾಮ್ ಇದೆಯೇ, ಪರದೆಗೆ ಚಿತ್ರ ಕಳುಹಿಸುವ ಭಾಗ ಇದೆಯೇ, ಕೀಬೋರ್ಡ್ ಇದೆಯೇ ಎಂದು ಒಂದೊಂದಾಗಿ ವಿಚಾರಿಸುತ್ತದೆ. ಇದೆಲ್ಲ ಮುಗಿದ ಮೇಲೆಯೇ ಹಾರ್ಡ್ ಡಿಸ್ಕಿನ ಬಾಗಿಲು ತಟ್ಟುತ್ತದೆ. ನಿಮ್ಮ ಯಂತ್ರವು ಕಂಪನಿಯ ಹೆಸರಿನ ಚಿತ್ರವನ್ನೂ ತೋರಿಸದೆ ನಿಂತಿದೆಯೆಂದರೆ ಅದು ಹಾರ್ಡ್ ಡಿಸ್ಕಿನವರೆಗೆ ಹೋಗಿಯೇ ಇಲ್ಲ. ಡಿಸ್ಕಿನಲ್ಲಿ ಮಲಗಿರುವ ವೈರಸ್ಸಿಗೆ ಇಲ್ಲಿ ಮಾಡುವುದಕ್ಕೆ ಕೆಲಸವೇ ಇಲ್ಲ.

ಎರಡನೆಯವರು ಹೇಳಿದ್ದು ನಿಜವಾಗಿರಲೂಬಹುದು, ಆದರೆ ಆ ತೀರ್ಪಿಗೆ ಬರುವ ಮೊದಲು ನೋಡಬೇಕಾದ್ದು ಬಹಳ ಇದೆ. ಮಾನಿಟರಿನ ಕೇಬಲ್ ಎರಡೂ ತುದಿಗಳಲ್ಲಿ ಬಿಗಿಯಾಗಿದೆಯೇ, ವಿಜಿಎ ಕೇಬಲ್ ಆದರೆ ಅದರ ಪಿನ್ನುಗಳಲ್ಲಿ ಯಾವುದಾದರೂ ಬಾಗಿದೆಯೇ ನೋಡಿ. ನಿಮ್ಮ ಯಂತ್ರದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು; ಅಂಗಡಿ ಗುಡಿಸುವಾಗ ಕೇಬಲ್ ಬಿಚ್ಚಿ ಮತ್ತೆ ಹಾಕುವವರು ಮದರ್‌ಬೋರ್ಡಿನದೇ ಆದ ಮೇಲಿನ ಕಿಂಡಿಗೆ ಸಿಕ್ಕಿಸಿ, ಯಂತ್ರ ಕೆಟ್ಟಿತೆಂದು ದುಃಖಪಡುವುದನ್ನು ನಾನು ಕಂಡಿದ್ದೇನೆ.

ಅದು ಸರಿಯಿದ್ದರೆ ಅನುಮಾನ ರ‍್ಯಾಮ್ ಮೇಲೆ ಬರುತ್ತದೆ. ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಹರಿದುಹೋಗಲೆಂದು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿದರೆ ಮೈಮೇಲಿನ ಸ್ಥಿರವಿದ್ಯುತ್ ಇಳಿಯುತ್ತದೆ. ಬಳಿಕ ರ‍್ಯಾಮ್ ಪಟ್ಟಿಯ ಎರಡು ಬದಿಯ ಚಿಮ್ಮುಗಳನ್ನು ಸರಿಸಿ ಅದನ್ನು ಹೊರತೆಗೆಯಿರಿ. ಚಿನ್ನದ ಬಣ್ಣದ ಹಲ್ಲುಗಳನ್ನು ಒಣ ಬಟ್ಟೆಯಿಂದಲೋ ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದಲೋ ಹಗುರವಾಗಿ ಒರೆಸಿ, ರಬ್ಬರಿನ ಪುಡಿ ಒಂದಿಷ್ಟೂ ಉಳಿಯದಂತೆ ಕೊಡವಿ, ಟಕ್ಕೆಂಬ ಸದ್ದು ಎರಡೂ ಬದಿಯಲ್ಲಿ ಕೇಳುವವರೆಗೆ ಮತ್ತೆ ಒತ್ತಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ, ಕಿಂಡಿಯನ್ನೂ ಬದಲಿಸಿ ನೋಡಿ. ನನ್ನ ಮೇಜಿಗೆ ಬಂದ ‘ನೋ ಸಿಗ್ನಲ್’ ದೂರುಗಳಲ್ಲಿ ಇಷ್ಟಕ್ಕೇ ಎದ್ದು ಕುಳಿತ ಯಂತ್ರಗಳು ಕಡಿಮೆಯೇನಲ್ಲ.

ಇದಕ್ಕೂ ಬಗ್ಗದಿದ್ದರೆ, ರಿಪೇರಿಯವರಿಂದ ಒಂದು ಪರೀಕ್ಷೆಯನ್ನು ನಿಮ್ಮೆದುರಿಗೇ ಮಾಡಿಸಿ. ಮದರ್‌ಬೋರ್ಡಿಗೆ ಬಟಾಣಿ ಗಾತ್ರದ ಸ್ಪೀಕರ್ ಒಂದನ್ನು ಸಿಕ್ಕಿಸಬಹುದು. ಜೋಡಿಸಿ ಮಾರುವ ಅಗ್ಗದ ಯಂತ್ರಗಳಲ್ಲಿ ಅದನ್ನು ಹಾಕಿರುವುದೇ ಇಲ್ಲ. ಅದನ್ನು ಸಿಕ್ಕಿಸಿ, ರ‍್ಯಾಮ್ ಪೂರ್ತಿ ತೆಗೆದು ಯಂತ್ರ ಚಾಲೂ ಮಾಡಲಿ. ‘ರ‍್ಯಾಮ್ ಇಲ್ಲ’ ಎಂದು ಅದು ಬೀಪ್ ಬೀಪ್ ಎಂದು ಕೂಗಿದರೆ ಮದರ್‌ಬೋರ್ಡೂ ಪ್ರೊಸೆಸರೂ ಜೀವಂತವಾಗಿವೆ, ಹೊಸ ರ‍್ಯಾಮ್ ಸಾಕಾಗಬಹುದು. ಮೌನವಾಗಿಯೇ ಇದ್ದರೆ ದೋಷ ಬೋರ್ಡು, ಪ್ರೊಸೆಸರ್ ಇಲ್ಲವೆ ಎಸ್‌ಎಂಪಿಎಸ್ ಈ ಮೂರರಲ್ಲಿದೆ. ಜೊತೆಗೆ ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳ ತಲೆಯನ್ನು ನೋಡಿ. ಚಪ್ಪಟೆಯಾಗಿರಬೇಕಾದ ತಲೆ ಪೂರಿಯಂತೆ ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಒಸರಿದ್ದರೆ, ಮದರ್‌ಬೋರ್ಡ್ ಹೋಗಿದೆ ಎಂಬ ಮಾತಿಗೆ ಪುರಾವೆ ಸಿಕ್ಕಿತು. ಸೋಲ್ಡರಿಂಗ್ ಬಲ್ಲವರು ಅವುಗಳನ್ನು ಬದಲಿಸಿ ಕೊಡುತ್ತಾರೆ. ಹಾಗೆ ಬದಲಿಸಿದ ಬೋರ್ಡುಗಳು ವರ್ಷಗಟ್ಟಲೆ ನಡೆದದ್ದುಂಟು.

(ಕೊನೆಯದಾಗಿ ಒಂದು ಸಣ್ಣ ತಿದ್ದುಪಡಿ. ನೀವು ಸಿಪಿಯು ಎಂದು ಕರೆದದ್ದು ಪೆಟ್ಟಿಗೆಯನ್ನು. ನಿಜವಾದ ಸಿಪಿಯು ಎಂದರೆ ಅದರೊಳಗೆ ಫ್ಯಾನಿನ ಕೆಳಗೆ ಕುಳಿತ ಪ್ರೊಸೆಸರ್. ಊರೆಲ್ಲ ಪೆಟ್ಟಿಗೆಯನ್ನೇ ಹಾಗೆ ಕರೆಯುವಾಗ ನಾನು ತಕರಾರು ಮಾಡುವುದಿಲ್ಲ, ಆದರೆ ‘ಸಿಪಿಯು ಹೋಗಿದೆ’ ಎಂದು ಯಾರಾದರೂ ಬಿಲ್ ಬರೆದರೆ ಯಾವುದು ಎಂದು ಕೇಳಿ.)

ಪ್ರಶ್ನೆ: ರಾಯಚೂರಿನ ಗಂಜ್‌ನಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಪ್ರತಿದಿನ ಬೆಳಿಗ್ಗೆ ಕಂಪ್ಯೂಟರಿನ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನ ಜಾಲತಾಣ ತೆರೆದರೆ ಸುರಕ್ಷಿತವಲ್ಲ ಎನ್ನುತ್ತದೆ. ಮೊನ್ನೆಯಿಂದ ನೀಲಿ ಪರದೆ ಬಂದು ವಿಂಡೋಸ್ ತೆರೆಯುವುದೇ ನಿಂತಿದೆ. ಮೂರೂ ಬೇರೆ ಬೇರೆ ತೊಂದರೆಯೆ?
(ಒಬ್ಬ ಗುಮಾಸ್ತರು, ರಾಯಚೂರು)

ಉತ್ತರ: ಮೂರಕ್ಕೂ ಬೇರು ಒಂದೇ ಇರುವ ಸಂಭವವೇ ಹೆಚ್ಚು, ಅದು ನಾಣ್ಯದಾಕಾರದ ಒಂದು ಶೆಲ್. ಕಂಪ್ಯೂಟರ್ ಆರಿದಾಗಲೂ ಗಡಿಯಾರ ನಡೆಯುತ್ತಿರಬೇಕು, ಬಯೋಸಿನ ಹೊಂದಿಕೆಗಳು ನೆನಪಿನಲ್ಲಿರಬೇಕು ಎಂಬ ವ್ಯವಸ್ಥೆ 1984ರ ಐಬಿಎಂ ಪಿಸಿ ಎಟಿ ಕಾಲದಿಂದಲೂ ಬಂದಿದೆ; ಅದಕ್ಕೆ ಜೀವ ಕೊಡುವುದು ಮದರ್‌ಬೋರ್ಡ್ ಮೇಲಿರುವ ಬ್ಯಾಟರಿ. ಈಗಿನ ಬೋರ್ಡುಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್ 2032 ಎಂಬ 3 ವೋಲ್ಟಿನ ಶೆಲ್. ಶೆಲ್ ಸೊರಗಿದರೆ ಗಡಿಯಾರವು ಬೋರ್ಡ್ ತಯಾರಾದ ಕಾಲಕ್ಕೆ ಹೊರಳುತ್ತದೆ. ಬ್ಯಾಂಕಿನ ತಾಣ ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ಹಳೆಯ ಕಾಲದಲ್ಲಿ ಸಿಕ್ಕಿಕೊಂಡ ನಿಮ್ಮ ಯಂತ್ರಕ್ಕೆ ಅದು ಇನ್ನೂ ಹುಟ್ಟದ ಪತ್ರವಾಗಿ ಕಾಣುತ್ತದೆ.

ನೀಲಿ ಪರದೆಯ ಕಥೆ ಸ್ವಲ್ಪ ಸೂಕ್ಷ್ಮ. ಶೆಲ್ ಸತ್ತಾಗ ದಿನಾಂಕದ ಜೊತೆಗೆ ಬಯೋಸಿನ ಇತರ ಹೊಂದಿಕೆಗಳೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಡಿಸ್ಕಿನೊಡನೆ ಮಾತನಾಡುವ ಕ್ರಮ ‘ಎಎಚ್‌ಸಿಐ’ ಇದ್ದಾಗ ವಿಂಡೋಸ್ ಹಾಕಿದ್ದು, ಈಗ ಅದು ತಾನಾಗಿ ‘ಐಡಿಇ’ಗೆ ಹೊರಳಿದ್ದರೆ, ವಿಂಡೋಸಿಗೆ ತನ್ನ ಮನೆಯ ಬಾಗಿಲೇ ಗುರುತು ಸಿಗದೆ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಶೆಲ್ ಬದಲಿಸಿ, ಯಂತ್ರ ಏಳುವಾಗ ಡಿಲೀಟ್ ಕೀಲಿಯನ್ನೋ ಎಫ್ 2 ಕೀಲಿಯನ್ನೋ ಒತ್ತಿ ಬಯೋಸಿಗೆ ಹೋಗಿ, ಸಾಟಾ ಎಂದು ಬರೆದಿರುವ ಕಡೆ ಮೊದಲಿನ ಕ್ರಮವನ್ನು ಮತ್ತೆ ಆರಿಸಿ, ದಿನಾಂಕ ತಿದ್ದಿ, ಉಳಿಸಿ ಹೊರಬನ್ನಿ. ಫಾರ್ಮ್ಯಾಟ್ ಮಾಡಿಸಿದ್ದರೂ ಕಂಪ್ಯೂಟರ್ ಏಳುತ್ತಿತ್ತು, ಆದರೆ ಲೆಕ್ಕದ ಕಡತಗಳು ಹೋಗುತ್ತಿದ್ದವು. ಶೆಲ್ ಸತ್ತೇ ಇರುವುದರಿಂದ ಮರುದಿನ ದಿನಾಂಕ ಮತ್ತೆ ಹಿಂದಕ್ಕೆ ಹೋಗುತ್ತಿತ್ತು.

ಪತ್ರದ ಕೊನೆಗೆ ನೀವು, ಬೆಂಕಿಯ ಭಯದಿಂದ ಸಾಹುಕಾರರು ರಾತ್ರಿ ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ ಎಂದು ಬರೆದಿದ್ದೀರಿ. ಗೋಡೆಯ ಸ್ವಿಚ್ ಚಾಲೂ ಇರುವವರೆಗೆ ಗಡಿಯಾರಕ್ಕೆ ಎಸ್‌ಎಂಪಿಎಸ್ ತಾನೇ ಒಂದಿಷ್ಟು ವಿದ್ಯುತ್ ಉಣಿಸುತ್ತಿರುತ್ತದೆ, ಅದು ನಿಂತಾಗಲೇ ಶೆಲ್ ಖರ್ಚಾಗುವುದು. ಹಾಗೆಂದು ಸಾಹುಕಾರರ ಅಭ್ಯಾಸವನ್ನು ಬಿಡಿಸಬೇಡಿ. ಹತ್ತಿ ಮತ್ತು ಗೋಣಿಚೀಲ ತುಂಬಿದ ಅಂಗಡಿಯಲ್ಲಿ ಅವರ ಭಯವೇ ಸರಿ. ಶೆಲ್ ಒಂದು ಊಟದ ದುಡ್ಡಿಗಿಂತ ಅಗ್ಗ. ದಿನಾಂಕ ತಪ್ಪಿದ್ದ ದಿನಗಳಲ್ಲಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಬರೆದ ವೋಚರುಗಳ ತಾರೀಖನ್ನು ಮಾತ್ರ ಒಮ್ಮೆ ಕೂತು ಪರಿಶೀಲಿಸಿಬಿಡಿ.

ಪ್ರಶ್ನೆ: ಯಲಬುರ್ಗಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ದಾನಿಗಳು ಕೊಟ್ಟ ಐದು ಡೆಸ್ಕ್‌ಟಾಪ್‌ಗಳಿವೆ. ನಾಲ್ಕು ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ವಿಂಡೋಸ್ 10. ಚಾಲೂ ಮಾಡಿದರೆ ಮೌಸ್ ಕೈಗೆ ಸಿಗುವಷ್ಟರಲ್ಲಿ ಹತ್ತು ನಿಮಿಷ ಕಳೆದು, ನಲವತ್ತು ನಿಮಿಷದ ತರಗತಿಯಲ್ಲಿ ಕಾಲು ಭಾಗ ಕಾಯುವುದಕ್ಕೇ ಹೋಗುತ್ತದೆ. ಎರಡು ಬಾರಿ ಫಾರ್ಮ್ಯಾಟ್ ಮಾಡಿಸಿದೆವು. ಒಂದೆರಡು ತಿಂಗಳು ಚೆನ್ನಾಗಿದ್ದು ಮತ್ತೆ ಅದೇ ಹಾಡು.
(ಒಬ್ಬ ಶಿಕ್ಷಕಿ, ಕೊಪ್ಪಳ ಜಿಲ್ಲೆ)

ಉತ್ತರ: ಮೇಡಂ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ, ಏಕೆಂದರೆ ಉತ್ತರವನ್ನು ನೀವೇ ಅರ್ಧ ಬರೆದಿದ್ದೀರಿ. ಫಾರ್ಮ್ಯಾಟ್ ಮಾಡಿದಾಗ ಚುರುಕಾಗಿ ಮತ್ತೆ ನಿಧಾನವಾಗುತ್ತದೆಂದರೆ, ಯಂತ್ರ ಕೆಟ್ಟಿಲ್ಲ, ಅದಕ್ಕೆ ಹೊರಿಸಿದ ಹೊರೆ ದಿನದಿನಕ್ಕೆ ಏರಿ ಅದರ ಬಲವನ್ನು ಮೀರುತ್ತಿದೆ. ಯಾವ ಬಲ ಎಂಬುದನ್ನು ಕಣ್ಣಾರೆ ನೋಡಬಹುದು. ಯಂತ್ರ ತೆವಳುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸರ್ 20 ಪ್ರತಿಶತದಲ್ಲಿ ಆರಾಮವಾಗಿದ್ದು, ‘ಡಿಸ್ಕ್’ ಎಂಬ ಕಂಬ 100 ಪ್ರತಿಶತವೆಂದು ಕೆಂಪಗೆ ಕೂತಿದ್ದರೆ, ತರಗತಿಯ ಸಮಯವನ್ನು ತಿನ್ನುತ್ತಿರುವುದು ಹಾರ್ಡ್ ಡಿಸ್ಕ್.

ಹಾರ್ಡ್ ಡಿಸ್ಕಿನ ಒಳಗೆ ತಟ್ಟೆಗಳು ಸುತ್ತುತ್ತವೆ, ಒಂದು ತೋಳು ಅತ್ತಿತ್ತ ಚಲಿಸಿ ಬೇಕಾದ ಜಾಗವನ್ನು ಮುಟ್ಟುತ್ತದೆ. ಡೆಸ್ಕ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ 120, ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಬೇಕಾದ ಮಾಹಿತಿ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ತೋಳು ಸರಿಯಾದ ಜಾಡಿಗೆ ಹೋಗಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡು ಬೇಕು. ಲೆಕ್ಕ ಹಾಕಿದರೆ, ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ಎಂಬತ್ತರ ಆಸುಪಾಸಿನಲ್ಲಷ್ಟೇ ಹೆಕ್ಕಬಲ್ಲದು. ವಿಂಡೋಸ್ ಏಳುವಾಗ ಕೇಳುವುದು ಇಂಥ ಸಾವಿರಾರು ಸಣ್ಣ ಕಡತಗಳನ್ನೇ. ಅದೇ ಹೊತ್ತಿಗೆ ಆ್ಯಂಟಿವೈರಸ್ ತಪಾಸಣೆಗೆ ಕೂತು, ಅಪ್‌ಡೇಟ್ ಇಳಿಯತೊಡಗಿ, ನಾಲ್ಕು ಜಿಬಿ ಸಾಲದ ರ‍್ಯಾಮ್ ತನ್ನ ಹೆಚ್ಚುವರಿ ಸರಕನ್ನೂ ಡಿಸ್ಕಿನ ಮೇಲೆಯೇ ಇಳಿಸತೊಡಗಿದರೆ, ಆ ಒಂದು ತೋಳು ಜಾತ್ರೆಯ ದಾಸೋಹದಲ್ಲಿ ಒಬ್ಬನೇ ಬಡಿಸುವವನಂತೆ ಪಂಕ್ತಿಯಿಂದ ಪಂಕ್ತಿಗೆ ಓಡುತ್ತಲೇ ಇರುತ್ತದೆ.

ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ, ಮಾಹಿತಿಯನ್ನು ಚಿಪ್ಪುಗಳಲ್ಲೇ ಇಡುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಅಗ್ಗದ ಸಾಟಾ ಎಸ್‌ಎಸ್‌ಡಿಯೂ ಇಂಥ ಸಾವಿರಾರು ಬೇಡಿಕೆಗಳನ್ನು ಒಂದು ಸೆಕೆಂಡಿನಲ್ಲಿ ಪೂರೈಸುತ್ತದೆ. ಆದ್ದರಿಂದ ನಿಮ್ಮ ಶಾಲೆಗೆ ಬರುವ ಮುಂದಿನ ಕಾಣಿಕೆಯ ಹಣವನ್ನು ಹೊಸ ಕಂಪ್ಯೂಟರಿಗೆ ಹಾಕದೆ, ಐದಕ್ಕೂ 240 ಅಥವಾ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿ. ಆಮೇಲೆ ಉಳಿದರೆ ರ‍್ಯಾಮ್ ಅನ್ನು ಎಂಟು ಜಿಬಿ ಮಾಡಿಸಿ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ, ಮೊದಲನೆಯದರಿಂದ ಸಿಗುವ ಚುರುಕು ಎರಡನೆಯದರಿಂದ ಸಿಗದು. ರ‍್ಯಾಮ್ ಕೊಳ್ಳುವಾಗ ಹಳೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಡಿಡಿಆರ್ 3 ಮತ್ತು ಡಿಡಿಆರ್ 4 ಪಟ್ಟಿಗಳ ಕಚ್ಚು ಬೇರೆ ಬೇರೆ ಜಾಗದಲ್ಲಿದ್ದು, ಒಂದರ ಕಿಂಡಿಯಲ್ಲಿ ಇನ್ನೊಂದು ಕೂರುವುದಿಲ್ಲ.

ಹಣ ಬರುವವರೆಗೆ ಮಾಡಬಹುದಾದ್ದೂ ಇದೆ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟ್‌ಅಪ್’ ಪುಟದಲ್ಲಿ ಯಂತ್ರದೊಡನೆ ತಾವೂ ಏಳುವ ತಂತ್ರಾಂಶಗಳ ಪಟ್ಟಿ ಇರುತ್ತದೆ. ಗುರುತಿರುವ, ಬೇಡದವುಗಳನ್ನು ಅಲ್ಲಿ ನಿಷ್ಕ್ರಿಯಗೊಳಿಸಿ. ಎರಡು ಆ್ಯಂಟಿವೈರಸ್‌ಗಳಿದ್ದರೆ ಒಂದನ್ನು ತೆಗೆಯಿರಿ, ಒಂದು ಮನೆಗೆ ಇಬ್ಬರು ಕಾವಲುಗಾರರನ್ನಿಟ್ಟರೆ ಅವರು ಒಬ್ಬರನ್ನೊಬ್ಬರು ತಡೆಯುತ್ತಾರೆ. ಫಾರ್ಮ್ಯಾಟ್ ಮಾಡಿದವರು ವಿಂಡೋಸ್ ಅನ್ನು ‘ಆ್ಯಕ್ಟಿವೇಟರ್’ ಎಂಬ ಕಳ್ಳಕೀಲಿಯಿಂದ ತೆರೆದಿದ್ದರೆ, ನಿಜವಾದ ವೈರಸ್ ಬರುವ ದಾರಿ ಅದೇ. ಇನ್ನೊಂದು, ವಿಂಡೋಸ್ 8ರಿಂದ ಈಚೆಗೆ ‘ಶಟ್‌ಡೌನ್’ ಕೊಟ್ಟರೆ ಯಂತ್ರ ಪೂರ್ತಿ ಮಲಗುವುದಿಲ್ಲ. ಬೇಗ ಏಳಲೆಂದು ತನ್ನ ಒಳತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೀಗಾಗಿ ಹಳೆಯ ಗಂಟುಗಳು ಬಿಚ್ಚದೆ ಉಳಿಯುತ್ತವೆ. ವಾರಕ್ಕೊಮ್ಮೆಯಾದರೂ ‘ರೀಸ್ಟಾರ್ಟ್’ ಕೊಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ದಾನದ ಹಳೆಯ ಯಂತ್ರಗಳಲ್ಲಿ ಅದು ಇರುವುದು ಅನುಮಾನ. ಆಗ ಲಿನಕ್ಸ್ ಮಿಂಟ್‌ನಂಥ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಯೋಚಿಸಿ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಲಿನಕ್ಸಿನ ಮೇಲೆಯೇ ಪಾಠ ನಡೆಸುತ್ತಿವೆ. ಯೂನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ಮೂಡುತ್ತದೆ; ಹಳೆಯ ನುಡಿ ಫಾಂಟಿನಲ್ಲಿ ಬರೆದ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಯೂನಿಕೋಡಿಗೆ ಬದಲಿಸಿಕೊಳ್ಳಬೇಕಾಗುತ್ತದೆ. ಮೊದಲು ಒಂದೇ ಯಂತ್ರದಲ್ಲಿ ಹಾಕಿ ನೋಡಿ. ಮಕ್ಕಳು ನಮಗಿಂತ ಬೇಗ ಒಗ್ಗಿಕೊಳ್ಳುತ್ತಾರೆ.

ಪ್ರಶ್ನೆ: ಸಂಡೂರಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದೇನೆ, ಮೇಲೆ ತಗಡಿನ ಚಾವಣಿ. ಬೆಳಿಗ್ಗೆ ಸರಿಯಾಗಿ ನಡೆಯುವ ಕಂಪ್ಯೂಟರ್ ಮಧ್ಯಾಹ್ನ ಎರಡರ ಹೊತ್ತಿಗೆ ನಿಧಾನವಾಗಿ, ತಾನಾಗಿಯೇ ಆರಿಹೋಗುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಏಳುತ್ತದೆ.
(ಒಬ್ಬ ಓದುಗರು, ಸಂಡೂರು ತಾಲ್ಲೂಕು)

ಉತ್ತರ: ನಿಮ್ಮ ಯಂತ್ರಕ್ಕೆ ಹಿಡಿದಿರುವುದು ಬಿಸಿಲು. ಪ್ರೊಸೆಸರ್ ಬಿಸಿಯೇರಿದಂತೆ ತನ್ನನ್ನು ಉಳಿಸಿಕೊಳ್ಳಲು ಮೊದಲು ವೇಗ ತಗ್ಗಿಸುತ್ತದೆ, ಅದಕ್ಕೂ ಜಗ್ಗದೆ 100 ಡಿಗ್ರಿ ಸೆಲ್ಸಿಯಸ್‌ನ ಆಚೀಚೆಗೆ ಬಂದರೆ ಯಂತ್ರವೇ ಆರಿಹೋಗುತ್ತದೆ. ಫ್ಯಾನು ತಂಪನ್ನು ಸೃಷ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನು ಒಳಗೆ ಹಾಯಿಸುತ್ತದೆ ಅಷ್ಟೆ. ಹೊರಗೆ 42 ಡಿಗ್ರಿ ಇದ್ದು ತಗಡಿನ ಕೆಳಗೆ ಅದಕ್ಕೂ ಹೆಚ್ಚಿರುವಾಗ ಅದು ಹಾಯಿಸುವುದೂ ಬಿಸಿಗಾಳಿಯನ್ನೇ.

ಇದರ ಮೇಲೆ ನಿಮ್ಮ ಊರಿನ ಕೆಂಪು ದೂಳು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಅಂಗಡಿಗಳಿಂದ ಬರುವ ಪೆಟ್ಟಿಗೆಗಳನ್ನು ಬಿಚ್ಚಿದರೆ, ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಹಲ್ಲುಗಳ ಸಂದಿನಲ್ಲಿ ಕಂಬಳಿಯ ತುಂಡಿನಂಥ ಪದರ ಕೂತಿರುತ್ತದೆ. ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಬ್ಲೋವರಿನಿಂದ ಊದಿಸಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬ್ಲೋವರಿನ ರಭಸಕ್ಕೆ ಗಿರಗಿರನೆ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಪ್ರೊಸೆಸರಿಗೂ ಲೋಹದ ಹಲ್ಲುಗಳಿಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಐದಾರು ವರ್ಷದಲ್ಲಿ ಒಣಗಿ ಸುಣ್ಣದ ಹಕ್ಕಳೆಯಂತಾಗುತ್ತದೆ, ಅದನ್ನು ಒರೆಸಿ ಹೊಸದಾಗಿ ಕಡಲೆಕಾಳಿನಷ್ಟು ಹಾಕಿಸಿ. ಆ ಹಲ್ಲುಗಳನ್ನು ಬೋರ್ಡಿಗೆ ಬಿಗಿಯುವ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಎದ್ದಿದ್ದರೂ ಇದೇ ತೊಂದರೆ ಬರುತ್ತದೆ.

ಪೆಟ್ಟಿಗೆಯ ಬದಿಯ ಮುಚ್ಚಳ ತೆಗೆದಿಡಿ ಎಂಬ ಸಲಹೆ ನಮ್ಮ ಕಡೆ ಬಹಳ ಪ್ರಚಾರದಲ್ಲಿದೆ, ನಾನು ಅದನ್ನು ಒಪ್ಪುವುದಿಲ್ಲ. ಗಾಳಿ ಬರುವ ದಾರಿಯಲ್ಲೇ ದೂಳೂ ಬರುತ್ತದೆ, ಹಲ್ಲಿಯೂ ಬರುತ್ತದೆ, ಬೆಚ್ಚಗಿನ ಬೋರ್ಡಿನ ಮೇಲೆ ಮಲಗಿದ ಹಲ್ಲಿ ತಾನೂ ಸತ್ತು ಬೋರ್ಡನ್ನೂ ಕೊಲ್ಲುತ್ತದೆ. ಪೆಟ್ಟಿಗೆಯನ್ನು ಮೇಜಿನ ಮುಚ್ಚಿದ ಖಾನೆಯಿಂದ ಹೊರಗೆ ತಂದು, ಹಿಂಬದಿಗೂ ಗೋಡೆಗೂ ನಡುವೆ ಗೇಣು ಅಂತರ ಬಿಟ್ಟು, ನೆಲದಿಂದ ಮೊಣಕಾಲಷ್ಟು ಎತ್ತರದಲ್ಲಿಡಿ. ನೀರು ಹಾಕುವ ಕೂಲರ್ ಇದ್ದರೆ ಅದರ ಮುಖ ನಿಮ್ಮ ಕಡೆಗಿರಲಿ, ಕಂಪ್ಯೂಟರಿನ ಕಡೆಗೆ ಬೇಡ. ದೂಳಿನ ಪದರ ತೇವ ಹೀರಿದರೆ ಅದರ ಮೂಲಕ ವಿದ್ಯುತ್ ಸೋರತೊಡಗುತ್ತದೆ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಕಂಪ್ಯೂಟರ್ ಸದ್ದೇ ಇಲ್ಲ, ದೀಪವೂ ಇಲ್ಲ. ಇದಕ್ಕೂ ಮೊದಲು ಒಂದು ತಿಂಗಳಿನಿಂದ ಕರೆಂಟ್ ಮಿಣುಕಿದಾಗಲೆಲ್ಲ ರೀಸ್ಟಾರ್ಟ್ ಆಗುತ್ತಿತ್ತು. ಮನೆಯ ಇನ್ವರ್ಟರ್ ಮೇಲೆ ನಡೆಸುತ್ತೇವೆ.
(ಅಕ್ಕಿ ಗಿರಣಿಯ ಲೆಕ್ಕಿಗರು, ಸಿಂಧನೂರು)

ಉತ್ತರ: ಮೊದಲು ಅದೇ ಪ್ಲಗ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಬರುತ್ತಿದೆಯೇ ನೋಡಿ, ಪವರ್ ಕೇಬಲ್ ಬದಲಿಸಿ ನೋಡಿ, ಪೆಟ್ಟಿಗೆಯ ಹಿಂದಿರುವ ಎಸ್‌ಎಂಪಿಎಸ್ ಸ್ವಿಚ್ಚಿಗೆ ಯಾರದಾದರೂ ಕೈ ತಾಗಿದೆಯೇ ನೋಡಿ. ಆಮೇಲೆ ಎಸ್‌ಎಂಪಿಎಸ್. ಅದನ್ನು ಬೋರ್ಡಿನಿಂದ ಬಿಡಿಸಿ, 24 ಪಿನ್ನಿನ ಕೊಂಡಿಯಲ್ಲಿ ಹಸಿರು ತಂತಿಯನ್ನೂ ಕಪ್ಪು ತಂತಿಯನ್ನೂ ಜೋಡಿಸಿದರೆ ಅದರ ಫ್ಯಾನ್ ತಿರುಗಬೇಕು, ಹಳದಿ ತಂತಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ಬರಬೇಕು. ಈ ಪರೀಕ್ಷೆಯನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ, ಮಲ್ಟಿಮೀಟರಿನ ಅಂಕಿ ನೀವೇ ಓದಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. 230 ವೋಲ್ಟಿನ ಕರೆಂಟು ಒಳಗೆ ನೇರವಿದ್ಯುತ್ತಾದಾಗ 325 ವೋಲ್ಟಿನ ಸಮೀಪಕ್ಕೆ ಏರಿ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ತಿಂಗಳಿನಿಂದ ಆಗುತ್ತಿದ್ದ ರೀಸ್ಟಾರ್ಟ್ ಮುನ್ಸೂಚನೆಯಾಗಿತ್ತು. ಕರೆಂಟ್ ಕಡಿದಾಗ ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡು ಉಸಿರು ಹಿಡಿಯಬಲ್ಲದು, ಅದರೊಳಗೆ ಇನ್ವರ್ಟರ್ ಭಾರ ಹೊತ್ತುಕೊಳ್ಳಬೇಕು. ಕೆಪಾಸಿಟರುಗಳು ಮುದಿಯಾದಂತೆ ಆ ಉಸಿರು ಕುಗ್ಗುತ್ತದೆ. ಹೊಸ ಎಸ್‌ಎಂಪಿಎಸ್ ಹಾಕಿಸಿದ ಮೇಲೆ ಇನ್ವರ್ಟರಿನ ಹಿಂದಿರುವ ಗುಂಡಿಯನ್ನು ‘ಯುಪಿಎಸ್’ ಎಂಬ ಕಡೆಗೆ ತಿರುಗಿಸಿ. ಇನ್ನೊಂದು ಕಡೆಗಿದ್ದರೆ ಅದು ಫ್ಯಾನು ದೀಪಗಳಿಗೆ ಸಾಕಾಗುವಷ್ಟು ನಿಧಾನವಾಗಿ ಬದಲಾಗುತ್ತದೆ. ಪ್ರತ್ಯೇಕ ಯುಪಿಎಸ್ ಕೊಳ್ಳುವುದಾದರೆ ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ. ಶಾಯಿಪುಡಿಯನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಆ ಯಂತ್ರ ಒಮ್ಮೆಲೇ ಎಳೆಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ ಕೈಚೆಲ್ಲುತ್ತದೆ.

ಪ್ರಶ್ನೆ: ಕಂಪ್ಯೂಟರ್ ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತದೆ. ಟೆಸ್ಟರ್ ಇಟ್ಟರೆ ಮಿಣಮಿಣ ಹತ್ತುತ್ತದೆ. ಆದರೆ ಕಂಪ್ಯೂಟರ್ ನಡೆಯುತ್ತಿದೆ. ಹೀಗೇ ಬಿಡಬಹುದೆ?
(ಗೃಹಿಣಿಯೊಬ್ಬರು, ಲಿಂಗಸುಗೂರು)

ಉತ್ತರ: ಬಿಡಬೇಡಿ. ನಿಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ, ಅಥವಾ ಇದ್ದದ್ದು ಕಡಿದಿದೆ. ಎಸ್‌ಎಂಪಿಎಸ್‌ನೊಳಗೆ ಗದ್ದಲ ಸೋಸುವ ಎರಡು ಪುಟ್ಟ ಕೆಪಾಸಿಟರುಗಳು ಎರಡೂ ತಂತಿಗಳಿಂದ ಪೆಟ್ಟಿಗೆಯ ಲೋಹಕ್ಕೆ ಜೋಡಣೆಯಾಗಿರುತ್ತವೆ. ಅರ್ಥ್ ತಂತಿ ಇದ್ದರೆ ಸೋರಿದ್ದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಮೇನ್ಸಿನ ಅರ್ಧದಷ್ಟು, ಅಂದರೆ 115 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಸೋರುವ ಪ್ರಮಾಣ ಬಹಳ ಕಡಿಮೆಯಾದ್ದರಿಂದ ಜುಮ್ಮೆಂದು ಬಿಟ್ಟುಬಿಡುತ್ತದೆ, ಆದರೆ ಎಸ್‌ಎಂಪಿಎಸ್‌ನಲ್ಲಿ ನಿಜವಾದ ದೋಷ ಬಂದ ದಿನ ನಿಮ್ಮನ್ನು ಕಾಯಲು ಏನೂ ಇರುವುದಿಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿದ್ದರೆ ಇವತ್ತೇ ತೆಗೆಯಿರಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಗುಂಡಿಯನ್ನೂ ನೋಡಿಸಿ. ಇದ್ದಲು ಮತ್ತು ಉಪ್ಪು ತುಂಬಿದ ಹಳೆಯ ಗುಂಡಿಗಳು, ಎರೆಭೂಮಿ ಬಿರಿಯುವ ಈ ದಿನಗಳಲ್ಲಿ ಒಣಗಿ ಕೆಲಸ ನಿಲ್ಲಿಸುತ್ತವೆ. ಬೇಸಿಗೆಯಲ್ಲಿ ಅವಕ್ಕೆ ಆಗಾಗ ಎರಡು ಕೊಡ ನೀರು ಹಾಕಬೇಕೆಂಬುದನ್ನು ಹಿರಿಯರು ಬಲ್ಲರು, ಹೊಸ ಮನೆಯವರು ಗುಂಡಿ ಎಲ್ಲಿದೆ ಎಂಬುದನ್ನೇ ಮರೆತಿರುತ್ತಾರೆ.

ಪ್ರಶ್ನೆ: ಗಂಗಾವತಿಯಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತೇನೆ. ಹಾರ್ಡ್ ಡಿಸ್ಕ್ ‘ಕಟ್ ಕಟ್’ ಎಂದು ಸದ್ದು ಮಾಡುತ್ತಿದೆ, ವಿಂಡೋಸ್ ತೆರೆಯುತ್ತಿಲ್ಲ. ಅದರಲ್ಲಿ ಎರಡು ಮದುವೆಗಳ ಫೋಟೊ ಇವೆ.
(ಛಾಯಾಗ್ರಾಹಕರು, ಗಂಗಾವತಿ)

ಉತ್ತರ: ಈ ಸಾಲು ಓದುತ್ತಿರುವಾಗ ಯಂತ್ರ ಚಾಲೂ ಇದ್ದರೆ ಮೊದಲು ಆರಿಸಿ. ಆ ಸದ್ದು, ತೋಳು ತನ್ನ ಜಾಡು ಸಿಗದೆ ಮತ್ತೆ ಮತ್ತೆ ಹಿಂದಿರುಗುತ್ತಿರುವುದರದ್ದು. ಪ್ರತಿ ಪ್ರಯತ್ನವೂ ತಟ್ಟೆಯನ್ನು ಗೀರುತ್ತಿರಬಹುದು. ಚೆಕ್‌ಡಿಸ್ಕ್ ಓಡಿಸಬೇಡಿ, ಫಾರ್ಮ್ಯಾಟ್ ಬೇಡ, ಫ್ರಿಜ್ಜಿನಲ್ಲಿಟ್ಟು ತೆಗೆಯುವ ಪವಾಡವೂ ಬೇಡ. ಚೆಕ್‌ಡಿಸ್ಕ್ ಎಂಬುದು ಕಡತಗಳ ಪಟ್ಟಿಯನ್ನು ತಿದ್ದುತ್ತದೆಯೇ ಹೊರತು ಸಾಯುತ್ತಿರುವ ಡಿಸ್ಕಿಗೆ ಜೀವ ಕೊಡುವುದಿಲ್ಲ, ಅದರ ಓಡಾಟವೇ ಕೊನೆಯ ಪೆಟ್ಟಾದೀತು. ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯಗಳು ಬೆಂಗಳೂರು, ಹೈದರಾಬಾದಿನಂಥ ನಗರಗಳಲ್ಲಿವೆ. ಡಿಸ್ಕನ್ನು ಮೆತ್ತನೆಯ ವಸ್ತುವಿನಲ್ಲಿ ಸುತ್ತಿ ಒಯ್ಯಿರಿ. ಖರ್ಚು ಹೊಸ ಕಂಪ್ಯೂಟರನ್ನೂ ಮೀರಬಹುದು, ಆದರೆ ಮದುವೆಯನ್ನು ಎರಡನೆಯ ಸಲ ಮಾಡಿಸಲಾಗದಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡುಗಳ ಮೇಲೆ ಹೊಸ ಫೋಟೊ ತೆಗೆದಿಲ್ಲವಾದರೆ, ಅಳಿಸಿದ ಚಿತ್ರಗಳು ಅವುಗಳಿಂದಲೇ ಸಿಗುವ ಸಾಧ್ಯತೆ ಇದೆ. ಡಿಸ್ಕನ್ನು ಕಳುಹಿಸುವ ಮೊದಲು ಅದನ್ನು ಪ್ರಯತ್ನಿಸಿ.

ಪ್ರಶ್ನೆ: ‘ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದು ಬರುತ್ತಿದೆ. ನಿನ್ನೆ ಸಂಜೆ ಸರಿಯಿತ್ತು. ಡಿಸ್ಕ್ ಹೋಯಿತೆ?
(ವಿದ್ಯಾರ್ಥಿ, ಕುಷ್ಟಗಿ)

ಉತ್ತರ: ನಿನ್ನೆ ಸಂಜೆ ಹಾಡು ತುಂಬಿಸಿಕೊಂಡ ಪೆನ್ ಡ್ರೈವ್ ಇನ್ನೂ ಕಂಪ್ಯೂಟರಿನಲ್ಲೇ ಇದೆಯೇ ನೋಡಪ್ಪ. ಬಯೋಸ್ ಮೊದಲು ಅದರಲ್ಲಿ ವಿಂಡೋಸ್ ಹುಡುಕಿ ಸಿಗದೆ ನಿಂತಿರಬಹುದು. ಅದನ್ನು ಕಿತ್ತು ಮತ್ತೆ ಚಾಲೂ ಮಾಡು. ಆಗಲೂ ಅದೇ ಮಾತು ಬಂದರೆ ಡಿಸ್ಕಿನ ಎರಡು ಕೇಬಲ್‌ಗಳನ್ನು ಕಿತ್ತು ಮತ್ತೆ ಹಾಕು, ಬಯೋಸಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ ನನಗೆ ಬರೆ. ಪೆನ್ ಡ್ರೈವ್ ಸಿಕ್ಕರೆ ನಾಚಿಕೊಳ್ಳಬೇಡ. ಇದೇ ಕಾರಣಕ್ಕೆ ಒಂದು ಭಾನುವಾರ ನಾನು ಇಡೀ ಪೆಟ್ಟಿಗೆಯನ್ನು ಬಿಚ್ಚಿ ಹರಡಿದ್ದೆ, ಪೆನ್ ಡ್ರೈವನ್ನು ಕಂಡುಹಿಡಿದದ್ದು ಚಹಾ ತಂದಿಟ್ಟ ನನ್ನ ಮಗಳು.